ಸೊಂಟದೆತ್ತರದಿಂದ ಬೀಳಿಸಿ ಕೊಂಡ ರೇಡಿಯೊ

ಚಿಕ್ಕಬಳ್ಳಾಪುರದ ಬಜಾರಿನ ಹಿಂದಿನ ಸಂದಿಯಲ್ಲಿ ನಲವತ್ತು ವರ್ಷದಿಂದ ರೇಡಿಯೊ ಅಂಗಡಿ ಇಟ್ಟುಕೊಂಡು ಕೂತಿರುವವನು ನಾನು. ಹೆಸರು ದಕ್ಷಿಣಾಮೂರ್ತಿ. ನಮ್ಮ ವಂಶದವರೆಲ್ಲ ಮೇಷ್ಟ್ರು, ಗುಮಾಸ್ತರು. ಬೆಸುಗೆ ಕಡ್ಡಿ ಹಿಡಿದವನು ನಾನೊಬ್ಬನೇ. ರೇಡಿಯೊ ವಿಷಯದಲ್ಲಿ ಈ ಜಿಲ್ಲೆಯಲ್ಲಿ ನನಗೆ ಹೇಳಿಕೊಡುವವರು ಹುಟ್ಟಿಲ್ಲ ಎಂಬ ಅಹಂಕಾರ ಬಹಳ ವರ್ಷ ಇತ್ತು. ಅದನ್ನು ಇಳಿಸಿದವರು ಕಳವಾರದ ಅಕ್ಕಯಮ್ಮ. ಅವರ ಬಗ್ಗೆ ಬರೆಯಬೇಕೆಂದು ಕೂತಿದ್ದೇನೆ. ನನ್ನ ಮರ್ಯಾದೆ ಹೋಗುವ ಭಾಗಗಳನ್ನೂ ಬಿಡುವುದಿಲ್ಲ. ಅವನ್ನು ಬಿಟ್ಟರೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ.

ಅಕ್ಕಯಮ್ಮನಿಗೆ ಐವತ್ತೆರಡು ವರ್ಷ. ಸ್ಕಂದಗಿರಿಯ ಬುಡದಲ್ಲಿ ಅವರ ಮನೆ. ಬೆಂಗಳೂರಿನ ಹುಡುಗರು ವಾರದ ಕೊನೆಗೆ ಬಂದು ಏದುಸಿರು ಬಿಡುತ್ತಾ ಹತ್ತುವ ಆ ಬೆಟ್ಟವನ್ನು ಆಕೆ ಚಿಕ್ಕಂದಿನಲ್ಲಿ ಸೌದೆಗಾಗಿ ದಿನಾ ಹತ್ತಿ ಇಳಿದವರು. ಇಪ್ಪತ್ತಾರು ವರ್ಷದಿಂದ ಅವರದು ಮೋಲ್ಡ್ ಕೆಲಸ, ಅಂದರೆ ಕಟ್ಟಡಕ್ಕೆ ಕಾಂಕ್ರೀಟಿನ ತಾರಸಿ ಹಾಕುವ ಕೆಲಸ. ಅದರಲ್ಲಿ ಹನ್ನೆರಡು ವರ್ಷದಿಂದ ಮೇಸ್ತ್ರಿ. ಹದಿನಾಲ್ಕು ಜನರ ಗ್ಯಾಂಗು. ಒಂಬತ್ತು ಜನ ಹೆಂಗಸರು, ಐದು ಜನ ಗಂಡಸರು. ಹೆಂಗಸು ಮೇಸ್ತ್ರಿಯೇ ಎಂದು ಮೊದಮೊದಲು ಮೂಗು ಮುರಿದವರೆಲ್ಲ ಈಗ ತಮ್ಮ ಮನೆಯ ಮೋಲ್ಡಿಗೆ ಆಕೆಯ ಮನೆ ಬಾಗಿಲಿಗೆ ಹೋಗುತ್ತಾರೆ.

ಈ ಕೆಲಸವನ್ನು ನೋಡದವರಿಗೆ ಎರಡು ಮಾತು ಹೇಳಬೇಕು. ಕೆಳಗೆ ಮಿಕ್ಸರ್ ತಿರುಗುತ್ತಿರುತ್ತದೆ. ಅಲ್ಲಿಂದ ತಾರಸಿಯವರೆಗೆ ಸಾರವೆಯ ಮೇಲೆ ಜನ ಸಾಲಾಗಿ ನಿಂತಿರುತ್ತಾರೆ. ತುಂಬಿದ ಬಾಂಡ್ಲಿ ಕೈಯಿಂದ ಕೈಗೆ ಮೇಲೆ ಹೋಗುತ್ತದೆ, ಖಾಲಿ ಬಾಂಡ್ಲಿ ಕೆಳಗೆ ಬರುತ್ತದೆ. ಒಮ್ಮೆ ಶುರುವಾದರೆ ಮುಗಿಯುವವರೆಗೂ ಸಾಲು ನಿಲ್ಲಬಾರದು. ನಿಂತರೆ ಆಗಲೇ ಸುರಿದ ಕಾಂಕ್ರೀಟು ಗಟ್ಟಿಯಾಗಿಬಿಡುತ್ತದೆ. ಆಮೇಲೆ ಸುರಿದದ್ದು ಅದರೊಂದಿಗೆ ಕೂಡಿಕೊಳ್ಳುವುದಿಲ್ಲ. ನಡುವೆ ಉಳಿದ ಗೆರೆಯಲ್ಲಿ ಮೊದಲ ಮಳೆಗೇ ನೀರು ಇಳಿಯುತ್ತದೆ.

ಹದಿನಾಲ್ಕು ಜನರ ಕೈ ಒಂದೇ ಹೊತ್ತಿಗೆ ಆಡಬೇಕಾದರೆ ಹಾಡು ಬೇಕು. ಬಹಳ ವರ್ಷ ಆ ಹಾಡು ಅಕ್ಕಯಮ್ಮನದೇ ಆಗಿತ್ತು. ಅರ್ಧ ಕನ್ನಡ, ಅರ್ಧ ತೆಲುಗು; ಒಂದು ಸಾಲಿಗೆ ಬಾಂಡ್ಲಿ ತಗೋಬೇಕು, ಇನ್ನೊಂದು ಸಾಲಿಗೆ ಕೊಡಬೇಕು. ಸಿಮೆಂಟಿನ ದೂಳು ಕುಡಿದು ಕುಡಿದು ಮೂರು ವರ್ಷದ ಹಿಂದೆ ಅವರ ಗಂಟಲು ಕೈಕೊಟ್ಟಿತು. ಡಾಕ್ಟರು ಜೋರಾಗಿ ಮಾತೂ ಆಡಬೇಡಿ ಎಂದರಂತೆ. ಅಂದಿನಿಂದ ಹಾಡುವ ಕೆಲಸವನ್ನು ಜ್ಯೋತಿಲಕ್ಷ್ಮಿಯ ಮೊಬೈಲು ವಹಿಸಿಕೊಂಡಿತು. ಜ್ಯೋತಿಲಕ್ಷ್ಮಿ ಗ್ಯಾಂಗಿನಲ್ಲಿ ಎಲ್ಲರಿಗಿಂತ ಚಿಕ್ಕವಳು, ಮೂವತ್ತರ ಹತ್ತಿರ. ಮೊಬೈಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಾಡು ಹಾಕುವಳು, ಸಾಲು ನಡೆಯುವುದು.

ಕೆಟ್ಟದ್ದು ನಡೆದದ್ದು ಶಿಡ್ಲಘಟ್ಟದಲ್ಲಿ. ರೇಷ್ಮೆ ಗೂಡು ಇಡುವ ಒಂದು ಗೋದಾಮಿನ ಮೋಲ್ಡ್. ಅರ್ಧ ತಾರಸಿ ಮುಗಿದಿತ್ತು. ಹಾಡುತ್ತಿದ್ದ ಮೊಬೈಲು ತಟ್ಟನೆ ಹಾಡು ನಿಲ್ಲಿಸಿ ರಿಂಗಾಯಿತು. ಜ್ಯೋತಿಲಕ್ಷ್ಮಿ ಒಂದು ಕೈಯನ್ನು ಸೊಂಟಕ್ಕೆ ಒಯ್ದಳು. ಬಾಂಡ್ಲಿ ಜಾರಿ ಕೆಳಗೆ ನಿಂತಿದ್ದ ಗ್ಯಾಂಗಿನ ಹಿರಿಯ ಚೆನ್ನರಾಯಪ್ಪನವರ ಪಾದದ ಮೇಲೆ ಬಿತ್ತು. ಅವರನ್ನು ಆಸ್ಪತ್ರೆಗೆ ಸಾಗಿಸಿ ಬರುವಷ್ಟರಲ್ಲಿ ಸಾಲು ಒಂದು ಗಂಟೆ ನಿಂತುಹೋಗಿತ್ತು. ಆ ಕರೆ ಯಾರದೆಂದು ಕೇಳಿದರೆ ಮೈ ಉರಿಯುತ್ತದೆ. ಕಾಲರ್ ಟ್ಯೂನ್ ಬೇಕಾದರೆ ಒಂದು ಒತ್ತಿ ಎನ್ನುವ ರೆಕಾರ್ಡು.

ಮಳೆಗಾಲದಲ್ಲಿ ಗೋದಾಮು ಸೋರಿತು, ಗೂಡಿನ ಮೂಟೆಗಳು ನೆಂದವು. ಕಂಟ್ರಾಕ್ಟರ್ ಮೋಹನ್‌ಬಾಬು ಚಿಂತಾಮಣಿಯವನು, ಮಾತಿಗೆ ಮುಂಚೆ ತೆಲುಗು ಬರುವ ಮನುಷ್ಯ. ಅವನು ಅಕ್ಕಯಮ್ಮನನ್ನು ಕರೆಸಿ ಎರಡು ಮಾತು ಹೇಳಿದ. ಜ್ಯೋತಿಲಕ್ಷ್ಮಿಯನ್ನು ಗ್ಯಾಂಗಿನಿಂದ ತೆಗೆಯಬೇಕು. ಮುಂದಿನ ಮೋಲ್ಡಿನಲ್ಲಿ ಸಾಲು ಮತ್ತೆ ನಿಂತರೆ, ಅಲ್ಲಿಂದಾಚೆಗೆ ಪಂಪ್ ಲಾರಿ ತರಿಸಿ ಕೊಳವೆಯಲ್ಲೇ ಕಾಂಕ್ರೀಟು ಏರಿಸುತ್ತಾನೆ, ಗ್ಯಾಂಗು ಬರಬೇಕಾಗಿಲ್ಲ.

ಅಕ್ಕಯಮ್ಮ ಎರಡನೆಯದಕ್ಕೆ ಒಪ್ಪಿಕೊಂಡರು. ಮೊದಲನೆಯದಕ್ಕೆ ಒಪ್ಪಲಿಲ್ಲ.

"ಸಾಲು ನಿಂತ್ರೆ ಅದು ಮೇಸ್ತ್ರಿ ತಪ್ಪು ಬಾಬು. ಅವಳು ನನ್ ಜೊತೇಲೇ ಇರ್ತಾಳೆ. ಈ ಸಲ ಸಾಲು ನಿಂತ್ರೆ ನೀವು ಹೇಳೋದೇ ಬೇಡ, ನಾವೇ ಬಾಂಡ್ಲಿ ಮಗುಚಿ ಹಾಕಿ ಹೋಗ್ತೀವಿ," ಎಂದರಂತೆ.

ಮುಂದಿನ ಮೋಲ್ಡ್ ಗೌರಿಬಿದನೂರಿನ ಹತ್ತಿರ, ಕುಡುಮಲಕುಂಟೆಯಲ್ಲಿ. ಒಂದು ಕಾರ್ಖಾನೆಯ ಕ್ಯಾಂಟೀನಿನ ತಾರಸಿ. ಹದಿನಾಲ್ಕು ಮನೆಗಳ ಒಲೆ ಆ ಒಂದು ದಿನದ ಮೇಲೆ ನಿಂತಿತ್ತು. ಅಕ್ಕಯಮ್ಮ ಮೊದಲು ಮಾಡಿದ ಕೆಲಸವೆಂದರೆ, ಸಾಲಿನಲ್ಲಿ ಯಾರೂ ಮೊಬೈಲು ಇಟ್ಟುಕೊಳ್ಳಕೂಡದು ಎಂದದ್ದು. ಎರಡನೆಯ ಕೆಲಸ, ನನ್ನ ಅಂಗಡಿಗೆ ಬಂದದ್ದು.

ಅವತ್ತು ಬುಧವಾರ ಮಧ್ಯಾಹ್ನ. ಜ್ಯೋತಿಲಕ್ಷ್ಮಿ ಹಿಂದೆ ನಿಂತಿದ್ದಳು, ತಲೆ ಎತ್ತದೆ. ಶಿಡ್ಲಘಟ್ಟದ ಆ ಘಟನೆಯ ನಂತರ ಅವಳು ಹೆಚ್ಚು ಮಾತಾಡುತ್ತಿರಲಿಲ್ಲ.

"ಮೂರ್ತಣ್ಣ, ಕೆಲ್ಸದ್ ಜಾಗಕ್ಕೆ ಒಂದು ರೇಡಿಯೊ ಬೇಕು. ರೇಡಿಯೊಗೆ ಯಾರೂ ಫೋನ್ ಮಾಡಲ್ಲ ನೋಡಿ, ಅದಕ್ಕೆ," ಎಂದರು ಅಕ್ಕಯಮ್ಮ.

ನಾನು ನನ್ನ ಪಾಠ ಒಪ್ಪಿಸತೊಡಗಿದೆ. ಇದರಲ್ಲಿ ಎಷ್ಟು ಬ್ಯಾಂಡು, ಅದರಲ್ಲಿ ಪೆನ್‌ಡ್ರೈವ್ ಹಾಕಬಹುದು, ಇನ್ನೊಂದನ್ನು ಬಿಸಿಲಿಗೆ ಇಟ್ಟರೆ ತಾನೇ ಚಾರ್ಜಾಗುತ್ತದೆ. ಗಿರಾಕಿ ಸಿಗದೆ ಎಷ್ಟೋ ದಿನವಾಗಿತ್ತು, ನನಗೂ ಮಾತಿನ ಹಸಿವು. ಆಕೆ ಕೈ ಚಾಚಿದರು.

"ಮಾತು ಆಮೇಲೆ. ಮೊದ್ಲು ಕೈಗೆ ಕೊಡಿ."

ಕೊಟ್ಟೆ. ಕಿವಿಯ ಹತ್ತಿರ ಹಿಡಿದು ಬೆರಳ ಗಿಣ್ಣಿನಿಂದ ಎರಡು ಸಲ ಕುಟ್ಟಿದರು. ವಾಪಸು ಇಟ್ಟರು. "ಬದ್ದ್ ಅಂತದೆ. ಸರಿಯಾಗಿ ಬೆಂದಿಲ್ಲ."

"ಅಮ್ಮಾ, ಇದು ರೇಡಿಯೊ. ಇಟ್ಟಿಗೆ ಅಲ್ಲ," ಎಂದೆ.

"ನಾನು ಗಟ್ಟಿ ಸಾಮಾನು ಅಂತ ಆರಿಸೋದು ಕಲ್ತಿರೋದು ಇಟ್ಟಿಗೇನೇ ಮೂರ್ತಣ್ಣ. ನಂಗೆ ಗೊತ್ತಿರೋ ತರ ನಾನು ನೋಡ್ತೀನಿ."

ಇಟ್ಟಿಗೆ ನೋಡುವ ಕ್ರಮ ನನಗೆ ತಿಳಿದದ್ದು ಅಂದೇ. ಕುಟ್ಟಿದರೆ ಠಣ್ ಎನ್ನಬೇಕು. ಉಗುರಿನಲ್ಲಿ ಗೀರಿದರೆ ಗೆರೆ ಬೀಳಬಾರದು. ಸೊಂಟದೆತ್ತರದಿಂದ ಬಿಟ್ಟರೆ ಒಡೆಯಬಾರದು. ನೀರಿಗೆ ಹಾಕಿದರೆ ಬಹಳ ಹೊತ್ತು ಗುಳ್ಳೆ ಬಿಡಬಾರದು. ಎರಡನೆಯ ರೇಡಿಯೊ ಕುಟ್ಟಿದಾಗ ಗೆದ್ದು ಉಗುರಿಗೆ ಸೋತಿತು. ಹೊಸ ಡಬ್ಬದ ಮೇಲೆ ಉದ್ದಕ್ಕೆ ಬಿಳಿ ಗೆರೆ. ಮೂರನೆಯದು ಎರಡರಲ್ಲೂ ಗೆದ್ದಿತು. ನಾನು ಸಮಾಧಾನದ ಉಸಿರು ಬಿಡುವಷ್ಟರಲ್ಲಿ ಆಕೆ ಅದನ್ನು ಸೊಂಟದವರೆಗೆ ಎತ್ತಿ, ಏನೂ ಆಗಿಲ್ಲವೆಂಬಂತೆ ಕೈ ಬಿಟ್ಟರು.

ನಾನು ಅರಚಿದ್ದು ಸಂದಿಯ ತುದಿಯ ಟೀ ಅಂಗಡಿಯವರೆಗೂ ಕೇಳಿತಂತೆ. ಹಿಂದಿನ ಮುಚ್ಚಳ ಹಾರಿತು, ಸೆಲ್ಲುಗಳು ಬೀರುವಿನ ಕೆಳಗೆ ಉರುಳಿಕೊಂಡು ಹೋದವು. ಅಕ್ಕಯಮ್ಮ ಮಾತ್ರ ಶಾಂತವಾಗಿ ಚೂರುಗಳನ್ನೆಲ್ಲ ಆಯ್ದು ತಮ್ಮ ಚೀಲಕ್ಕೆ ಹಾಕಿಕೊಂಡರು.

"ನಾನ್ ಒಡೆದಿದ್ದು ನಂದೇ. ನೀವು ಬೇಜಾರ್ ಮಾಡ್ಕೋಬೇಡಿ. ಸೈಟಲ್ಲಿ ಬಿದ್ದು ಒಡೆಯೋ ಬದ್ಲು ಇಲ್ಲೇ ಒಡೀತಲ್ಲ, ಒಳ್ಳೇದೇ ಆಯ್ತು."

"ಇನ್ನು ನನ್ನ ಹತ್ತಿರ ಬೇರೆ ರೇಡಿಯೊ ಇಲ್ಲ," ಎಂದೆ. ಸುಳ್ಳು. ಇನ್ನೂ ನಾಲ್ಕಿದ್ದವು. ಅವನ್ನಾದರೂ ಉಳಿಸಿಕೊಳ್ಳೋಣವೆಂದು ಹೇಳಿದ್ದು.

ಸರಿ ಎಂದು ಹೊರಟವರು ಬಾಗಿಲಲ್ಲಿ ಎಡವಿದರು. ಬಗ್ಗಿ ನೋಡಿದರು. ಗಾಳಿಗೆ ಬಾಗಿಲು ಬಡಿಯದಿರಲಿ ಎಂದು ನಾನು ಆರು ವರ್ಷದಿಂದ ಒಂದು ಕಿತ್ತಳೆ ಬಣ್ಣದ ಡಬ್ಬವನ್ನು ಅಡ್ಡ ಇಟ್ಟಿದ್ದೆ. ನಾಲ್ಕು ಮೂಲೆಗೂ ದಪ್ಪ ರಬ್ಬರು, ಮೇಲೆ ಕಬ್ಬಿಣದ ಹಿಡಿ. ಯಾವನೋ ಸೇಲ್ಸಿನವನು ನನ್ನ ತಲೆಗೆ ಕಟ್ಟಿ ಹೋಗಿದ್ದ ರೇಡಿಯೊ ಅದು. ಅಷ್ಟು ಕುರೂಪದ್ದನ್ನು ಯಾರೂ ಕೊಳ್ಳಲಿಲ್ಲ. ದಿನಕ್ಕೆ ಹತ್ತು ಸಲ ಯಾರಾದರೂ ಅದನ್ನು ಒದ್ದೇ ಒಳಗೆ ಬರುತ್ತಿದ್ದರು.

"ಇದೇನು?"

"ಬಾಗಿಲಿಗೆ ಇಟ್ಟಿರೋದು. ಅದು ಮಾರೋದಲ್ಲ."

ಆಕೆ ಆಗಲೇ ಕುಟ್ಟುತ್ತಿದ್ದರು. ಗೀರಿದರು. ಗೆರೆ ಇಲ್ಲ. ಸೊಂಟದಿಂದ ಬಿಟ್ಟರು. ಅದು ನೆಲಕ್ಕೆ ಬಡಿದು, ಪುಟಿದು ನನ್ನ ಹೆಬ್ಬೆರಳಿಗೆ ಬಂದು ಹೊಡೆಯಿತು. ನಾನು ಕಾಲು ಹಿಡಿದು ಕೂತೆ. ಅಷ್ಟರಲ್ಲಿ ಹಿತ್ತಲಿನಿಂದ ಬಕೆಟ್ಟು ಬಂದು ಡಬ್ಬ ಅದರಲ್ಲಿ ಮುಳುಗಿತ್ತು. ಮೇಲೇಳದಿರಲಿ ಎಂದು ಅದರ ಮೇಲೆ ನನ್ನ ಕಲ್ಲಿನ ಪೇಪರ್‌ವೇಟು. ಮೂವರೂ ಟೀ ತರಿಸಿ ಕುಡಿದೆವು. ಟೀ ಮುಗಿಯುವವರೆಗೂ ಅಕ್ಕಯಮ್ಮ ನೀರಿನಿಂದ ಕಣ್ಣು ತೆಗೆಯಲಿಲ್ಲ. ಗುಳ್ಳೆ ಏಳಲಿಲ್ಲ.

"ಈಗ ಹಾಡ್ಸಿ ನೋಡಣ," ಎಂದರು.

ಒರೆಸಿ, ಸೆಲ್ ಹಾಕಿ, ತಿರುಗಿಸಿದೆ. ಅಂಗಡಿಯ ತುಂಬ ಹಾಡು ತುಂಬಿಕೊಂಡಿತು. ಎಷ್ಟು ಸ್ವಚ್ಛವಾಗಿತ್ತೆಂದರೆ ನನಗೇ ಆಶ್ಚರ್ಯ. ಆರು ವರ್ಷ ಒದೆ ತಿಂದ ಡಬ್ಬದೊಳಗೆ ಇಷ್ಟು ಒಳ್ಳೆಯ ಕಂಠವೇ! ಅಕ್ಕಯಮ್ಮ ಅವತ್ತು ಮೊದಲ ಸಲ ನಕ್ಕರು.

"ಇದೇ. ಶನಿವಾರ ಬೆಳಿಗ್ಗೆ ಆರೂವರೆಗೆ ಕುಡುಮಲಕುಂಟೆಗೆ ಬಂದ್ಬಿಡಿ ಮೂರ್ತಣ್ಣ."

"ನಾನ್ಯಾಕಮ್ಮ?"

"ಮೋಲ್ಡ್ ದಿನ ಸೆಂಟ್ರಿಂಗ್ ಹೊಡೆದೋನು ಕೆಳಗೆ ನಿಂತಿರ್ಬೇಕು. ಅದು ಪದ್ಧತಿ. ತಾರಸಿ ಹೊರೋಕೆ ಅವ್ನು ಕೊಟ್ಟ ಹಲಗೆ ಜಾರಿದ್ರೆ ಅವ್ನೇ ಹಿಡೀಬೇಕು. ನೀವು ಕೊಟ್ಟ ಸಾಮಾನಿಗೆ ನೀವ್ ನಿಂತ್ಕೊಳ್ಳಿ."

ನಲವತ್ತು ವರ್ಷದಲ್ಲಿ ಯಾರೂ ನನ್ನನ್ನು ಹೀಗೆ ಕೆಲಸದವರ ಸಾಲಿಗೆ ಸೇರಿಸಿ ಕರೆದಿರಲಿಲ್ಲ. ಒಳಗೊಳಗೇ ಹಿಗ್ಗಿದೆ.

ಶನಿವಾರ ಮೊದಲ ಬಸ್ಸಿಗೆ ಗೌರಿಬಿದನೂರು, ಅಲ್ಲಿಂದ ಆಟೊ. ಚೀಲದಲ್ಲಿ ಸ್ಕ್ರೂಡ್ರೈವರು, ಹೊಸ ಸೆಲ್ಲು, ಹೆಂಡತಿ ಜಾನಕಮ್ಮ ಕಟ್ಟಿಕೊಟ್ಟ ಚಿತ್ರಾನ್ನ. ಕ್ಯಾಂಟೀನಿನ ಕಟ್ಟಡದ ಎರಡೂ ಪಕ್ಕಕ್ಕೆ ದೊಡ್ಡ ತಗಡಿನ ಶೆಡ್ಡುಗಳು. ಮೋಹನ್‌ಬಾಬು ಮಿಕ್ಸರಿಗೆ ಕುಂಕುಮ ಇಟ್ಟು ಕಾಯಿ ಒಡೆದ. ಒಡೆದವನು ನೇರವಾಗಿ ಒಂದು ಕುರ್ಚಿ ಎಳೆದುಕೊಂಡು, ಸಾಲು ಚೆನ್ನಾಗಿ ಕಾಣುವಂಥ ಜಾಗದಲ್ಲಿ ಕೂತ. ಪಂಪ್ ಲಾರಿಯವನ ನಂಬರು ಜೇಬಿನಲ್ಲೇ ಇದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಚೆನ್ನರಾಯಪ್ಪನವರ ಪಾದ ವಾಸಿಯಾಗಿತ್ತು. ಅವರೂ ಬಂದು ತಮ್ಮ ಜಾಗದಲ್ಲಿ ನಿಂತಿದ್ದರು. ಜ್ಯೋತಿಲಕ್ಷ್ಮಿಯನ್ನು ಅಕ್ಕಯಮ್ಮ ಎಲ್ಲರಿಗಿಂತ ಕೆಳಗೆ, ಮಿಕ್ಸರ್ ಬಾಯಿಗೆ ನಿಲ್ಲಿಸಿದ್ದರು. ತಾಳ ಅಲ್ಲಿಂದಲೇ ಶುರುವಾಗುವುದು.

ನಾನು ಅಕ್ಕಯಮ್ಮನ ಹಿಂದೆ ತಾರಸಿಗೆ ಹತ್ತಿದೆ. ಅಲ್ಲಿ ಮೂಲೆಯಲ್ಲಿ ಮೇಲಕ್ಕೆ ಚಾಚಿದ ಕಂಬಿಗೆ ರೇಡಿಯೊ ತೂಗುಹಾಕಿ ಅಕ್ಕಯಮ್ಮ ಗುಂಡಿ ತಿರುಗಿಸಿದರು.

ಸೊಂಯ್ ಎಂದಿತು. ಇನ್ನೊಂದು ಸ್ವಲ್ಪ ತಿರುಗಿಸಿದರು. ಸೊಂಯ್. ಈ ತುದಿಯಿಂದ ಆ ತುದಿಯವರೆಗೂ ಸೊಂಯ್ ಬಿಟ್ಟು ಬೇರೇನೂ ಇಲ್ಲ.

ಮಿಕ್ಸರ್ ಆಗಲೇ ಕಾಂಕ್ರೀಟು ಉಗುಳಿತ್ತು. ತಡೆಯುವ ಹಾಗಿಲ್ಲ. ಬಾಂಡ್ಲಿಗಳು ಹೊರಟವು. ಹಾಡಿಲ್ಲದ ಸಾಲು ಹೇಗಿರುತ್ತದೆಂದು ನೋಡಿದೆ. ಒಬ್ಬರು ಕೊಡುವಾಗ ಇನ್ನೊಬ್ಬರು ಬೆವರು ಒರೆಸುತ್ತಿದ್ದಾರೆ. ಬಾಂಡ್ಲಿಗೆ ಬಾಂಡ್ಲಿ ತಾಗುತ್ತಿದೆ. "ಹಿಡ್ಕೊಳ್ಳೇ!" "ನೀನ್ ನೆಟ್ಟಗ್ ಕೊಡೇ!" ಮೋಹನ್‌ಬಾಬು ಕುರ್ಚಿಯಿಂದ ಎದ್ದು ನಿಂತ. ಅಕ್ಕಯಮ್ಮ ತಾವೇ ಹಾಡಲು ಬಾಯಿ ತೆರೆದರು. ಎರಡು ಸಾಲು ಬಂತು, ಮೂರನೆಯದಕ್ಕೆ ಕೆಮ್ಮು ಹಿಡಿದು ಬಗ್ಗಿದರು.

ಆಗ ಕೆಳಗಿನಿಂದ ಒಂದು ದನಿ ಎದ್ದಿತು. ಮೊದಲು ಸಣ್ಣಗೆ, ಆಮೇಲೆ ಮಿಕ್ಸರಿನ ಸದ್ದನ್ನು ಮೀರಿ. ಜ್ಯೋತಿಲಕ್ಷ್ಮಿ. ಭತ್ತದ ನಾಟಿಗೆ ಹೇಳುವ ಒಂದು ತೆಲುಗು ಪದ. ಬಾಂಡ್ಲಿ ಎತ್ತುತ್ತಲೇ ಹಾಡುತ್ತಿದ್ದಳು, ಯಾರ ಮುಖವನ್ನೂ ನೋಡದೆ. ಹದಿನಾಲ್ಕು ಜೊತೆ ಕೈಗಳು ಅವಳ ತಾಳಕ್ಕೆ ಬಂದು ಕೂಡಿಕೊಂಡವು. ಅವಳ ಪದಕ್ಕೆ ಮೊದಲು ದನಿಗೂಡಿಸಿದವರು ಚೆನ್ನರಾಯಪ್ಪ.

ಆದರೆ ಸಂಜೆಯವರೆಗೂ ಬಾಂಡ್ಲಿ ಎತ್ತುತ್ತ ಹಾಡುವುದು ಯಾರಿಂದಲೂ ಆಗುವ ಮಾತಲ್ಲ. ಅಕ್ಕಯಮ್ಮ ನನ್ನ ಕಡೆ ತಿರುಗಿದರು.

ನಾನು ಏನು ಮಾಡಿದೆ? ನೆಪ ಹೇಳಿದೆ. "ಎರಡೂ ಕಡೆ ತಗಡು, ಕಾಲಡಿ ಕಂಬಿಯ ಜಾಲ, ಇಲ್ಲಿ ಸ್ಟೇಷನ್ ಹಿಡಿಯೋದು ಕಷ್ಟ. ರೇಡಿಯೊದು ತಪ್ಪಿಲ್ಲ," ಎಂದೆ.

ಆಕೆ ರೇಡಿಯೊ ಕಡೆ ಕೈ ತೋರಿಸಿದರು. "ನಾನು ಇಟ್ಟಿಗೆ ನೋಡಿದಂಗೆ ನೋಡ್ಬಿಟ್ಟೆ ಮೂರ್ತಣ್ಣ. ಇಟ್ಟಿಗೆ ಹಾಡಲ್ಲ, ಕೇಳಲ್ಲ. ಅದು ನನ್ ತಪ್ಪು. ಸರಿ. ಆದ್ರೆ ಅವತ್ತು ಅಂಗಡೀಲಿ ಚೆನ್ನಾಗಿ ಹಾಡ್ತಲ್ಲ? ಹಾಡ್ಸೋಕೆ ಮುಂಚೆ ನೀವು ಗೋಡೆಯಿಂದ ಒಂದು ತಂತಿ ಎಳೆದು ಅದರ ಕಡ್ಡಿಗೆ ಸಿಕ್ಕಿಸಿದ್ರಿ. ಆ ತಂತಿ ಎಲ್ಲಿ?"

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಂಗಡಿಯ ಸೂರಿನ ಮೇಲೆ ಅಂಗಡಿ ತೆರೆದ ದಿನದಿಂದ ಒಂದು ಏರಿಯಲ್ ತಂತಿ ಇದೆ. ರಿಪೇರಿಗೆ ಬಂದ ಯಾವ ರೇಡಿಯೊವನ್ನೇ ಆಗಲಿ, ಹಾಡಿಸುವ ಮುಂಚೆ ಆ ತಂತಿಯ ಕ್ಲಿಪ್ಪನ್ನು ಸಿಕ್ಕಿಸುವುದು ನನ್ನ ಕೈಯ ಅಭ್ಯಾಸ. ಕೈ ಸಿಕ್ಕಿಸಿತ್ತು, ತಲೆಗೆ ಗೊತ್ತೇ ಇರಲಿಲ್ಲ. ಕಿತ್ತಳೆ ಡಬ್ಬದ ಕಂಠಕ್ಕೆ ನಾನು ಬೆರಗಾಗಿದ್ದೆನಲ್ಲ, ಅದರಲ್ಲಿ ಅರ್ಧ ನನ್ನ ಸೂರಿನ ತಂತಿಯದು. ಜಿಲ್ಲೆಗೆಲ್ಲ ಒಬ್ಬನೇ ಪಂಡಿತ ಮರೆತದ್ದನ್ನು ಇಟ್ಟಿಗೆ ಆರಿಸುವ ಹೆಂಗಸು ಕಂಡು ನೆನಪಿಟ್ಟುಕೊಂಡಿದ್ದರು.

"ತಂತಿ ಬೇಕು," ಎಂದೆ. "ಉದ್ದದ್ದು. ಎತ್ತರಕ್ಕೆ ಕಟ್ಟಬೇಕು. ಕಂಬಿಗೆ ತಾಗಬಾರದು."

"ಯಾವ ತಂತಿ?"

"ಯಾವುದಾದರೂ ಆದೀತು."

ಅಕ್ಕಯಮ್ಮ ಕಾಲ ಬಳಿ ತೋರಿಸಿದರು. ಕಂಬಿ ಕಟ್ಟಿ ಉಳಿದ ತಂತಿಯ ಸುರುಳಿ, ಒಂದು ಊರಿಗೆ ಸಾಲುವಷ್ಟು, ಅಲ್ಲೇ ಬಿದ್ದಿತ್ತು. ಕೆಳಗೆ ಪದ್ಧತಿಯಂತೆ ಕಾವಲು ನಿಂತಿದ್ದ ಸೆಂಟ್ರಿಂಗಿನ ಆವುಲಪ್ಪನನ್ನು ಕೂಗಿದರು. "ಒಂದು ಉದ್ದದ್ ಗಳ ಕೊಡಪ್ಪಾ!" ಬಿದಿರ ಗಳ ಬಂತು. ಅದರ ತುದಿಗೆ ನಾನು ತಂತಿ ಸುತ್ತಿದೆ. ಇಬ್ಬರೂ ಸೇರಿ ಗಳವನ್ನು ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿ ಹಗ್ಗದಿಂದ ಬಿಗಿದೆವು. ತಂತಿಯ ಇನ್ನೊಂದು ತುದಿಯನ್ನು ಕಿತ್ತಳೆ ಡಬ್ಬದ ಕಡ್ಡಿಗೆ ಸುತ್ತಿದೆ. ಕೆಳಗೆ ಜ್ಯೋತಿಲಕ್ಷ್ಮಿಯ ದನಿ ಒಡೆಯತೊಡಗಿತ್ತು.

ಗುಂಡಿ ತಿರುಗಿಸಿದೆ. ಸೊಂಯ್. ಸೊಂಯ್. ಆಮೇಲೆ ಹಾಡು!

ಮೊದಲು ಸಿಕ್ಕಿದ್ದು ಗಡಿಯಾಚೆಯ ತೆಲುಗು ಸ್ಟೇಷನ್ನು. ಯಾವ ಭಾಷೆಯಾದರೇನು, ಆ ಸಾಲಿನಲ್ಲಿ ಎರಡೂ ಬಾರದವರು ಯಾರೂ ಇರಲಿಲ್ಲ. ಡೋಲಿನ ಏಟು ಬಿದ್ದ ಹಾಗೆಲ್ಲ ಬಾಂಡ್ಲಿ ಒಂದು ಕೈ ಮೇಲೇರಿತು. ಸಾಲಿನ ತುಂಬ ಒಂದು ಕೇಕೆ ಎದ್ದಿತು. ಸಾಲು ಒಂದು ಬಾಂಡ್ಲಿಯಷ್ಟು ಹೊತ್ತೂ ನಿಂತಿರಲಿಲ್ಲ. ಮೋಹನ್‌ಬಾಬು ಮತ್ತೆ ಕುರ್ಚಿಯಲ್ಲಿ ಕೂತ. ನಾನು ನನ್ನ ಚೀಲದ ಮೇಲೆ ಕೂತು, ನಾಚಿಕೆ ಬಿಟ್ಟು ಹೇಳುತ್ತೇನೆ, ಕಣ್ಣೊರೆಸಿಕೊಂಡೆ.

ಮಧ್ಯಾಹ್ನ ರೇಡಿಯೊದಲ್ಲಿ ಟೊಮೇಟೊ ಎಲೆ ಮುದುಡುವ ರೋಗದ ಬಗ್ಗೆ ಅಧಿಕಾರಿಯೊಬ್ಬರು ಅರ್ಧ ಗಂಟೆ ಮಾತಾಡಿದರು. ಯಾರೂ ಸ್ಟೇಷನ್ ಬದಲಿಸಲಿಲ್ಲ. ಆ ಅರ್ಧ ಗಂಟೆಯನ್ನು ಜ್ಯೋತಿಲಕ್ಷ್ಮಿ ತುಂಬಿದಳು. ಬೆಳಿಗ್ಗೆಯಿಂದ ವಿಶ್ರಾಂತಿ ಸಿಕ್ಕಿದ್ದ ದನಿ, ಈಗ ಇನ್ನೂ ಗಟ್ಟಿ. ಅಧಿಕಾರಿಗೂ ಅವಳಿಗೂ ಜಗಳ ಹತ್ತಿದ ಹಾಗಿತ್ತು. ಅವರು ಔಷಧಿಯ ಹೆಸರು ಹೇಳಿದಾಗಲೆಲ್ಲ ಇವಳು ಒಂದು ಪದ ಹೇಳುವಳು. ಸಾಲಿನಲ್ಲಿ ನಗು.

ಮೂರು ಗಂಟೆಯ ಹೊತ್ತಿಗೆ ಗಾಳಿ ಎದ್ದಿತು. ಗಳ ತೂಗಾಡಿತು, ತಂತಿ ಜಗ್ಗಿತು, ಕಂಬಿಗೆ ತೂಗುಹಾಕಿದ್ದ ರೇಡಿಯೊ ಕಳಚಿಕೊಂಡು ಆಗತಾನೇ ಸುರಿದಿದ್ದ ಹಸಿ ಕಾಂಕ್ರೀಟಿನಲ್ಲಿ ಮುಖ ಅಡಿಯಾಗಿ ಬಿತ್ತು. ಆದರೆ ಹಾಡು ನಿಲ್ಲಲಿಲ್ಲ. ಕಾಂಕ್ರೀಟಿನೊಳಗಿನಿಂದಲೇ, ಕಂಬಳಿ ಹೊದ್ದುಕೊಂಡವರು ಹಾಡುವಂತೆ, ಗುಂಯ್‌ಗುಡುತ್ತಿತ್ತು. ಅಕ್ಕಯಮ್ಮ ಮಣಿಕಟ್ಟಿನವರೆಗೆ ಕೈ ಹಾಕಿ ಅದನ್ನು ಕಿತ್ತರು, ಪಕ್ಕದ ನೀರಿನ ಡ್ರಮ್ಮಿನಲ್ಲಿ ಮುಳುಗಿಸಿ ಎರಡು ಸಲ ಅಲುಗಿಸಿದರು, ಮೇಲೆತ್ತಿ ಮತ್ತೆ ಕಂಬಿಗೆ ನೇತುಹಾಕಿದರು. ನೀರು ಸುರಿಸುತ್ತಾ ಅದು ಅದೇ ಹಾಡಿನ ಮುಂದಿನ ಸಾಲು ಹೇಳುತ್ತಿತ್ತು.

"ಬೆಂದಿರೋ ಇಟ್ಟಿಗೆ ಮೂರ್ತಣ್ಣ!" ಎಂದು ಕೂಗಿದರು. ಡಾಕ್ಟರು ಜೋರಾಗಿ ಮಾತಾಡಬೇಡಿ ಎಂದದ್ದು ಅವರಿಗೆ ಮರೆತೇಹೋಗಿತ್ತು.

ನಾಲ್ಕೂವರೆಗೆ ಕೊನೆಯ ಬಾಂಡ್ಲಿ ಮೇಲೆ ಬಂತು. ಕೊನೆಯದನ್ನು ಮೇಸ್ತ್ರಿಯೇ ಸುರಿಯುವುದು ವಾಡಿಕೆ. ಅಕ್ಕಯಮ್ಮ ಅದನ್ನು ಹಿಡಿದುಕೊಂಡು, ಜ್ಯೋತಿಲಕ್ಷ್ಮಿಯನ್ನು ಮೇಲಕ್ಕೆ ಕರೆದು, ಅವಳ ಕೈಗೆ ಕೊಟ್ಟರು. ಅವಳು ಸುರಿದಳು. ಕೆಳಗಿನಿಂದ ಚೆನ್ನರಾಯಪ್ಪ ಶಿಳ್ಳೆ ಹಾಕಿದರು. ಅರವತ್ತೈದು ದಾಟಿದವರು ಅಷ್ಟು ಜೋರಾಗಿ ಶಿಳ್ಳೆ ಹಾಕಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಕಾಂಕ್ರೀಟು ಚೆನ್ನಾಗಿ ಗಟ್ಟಿಯಾಗಲೆಂದು ತಾರಸಿಯ ಮೇಲೆ ಸುತ್ತಲೂ ಏರಿ ಕಟ್ಟಿ ನೀರು ನಿಲ್ಲಿಸಿದರು. ಎರಡು ವಾರ ಕಳೆದ ಮೇಲೆ ಸೆಂಟ್ರಿಂಗ್ ಬಿಚ್ಚುವ ದಿನ ಬಂತು. ನಾನು ಮತ್ತೆ ಅಂಗಡಿ ಮುಚ್ಚಿ ಹೊರಟೆ. "ನಿಮಗಿರೋದು ಅಂಗಡೀನಾ, ಗ್ಯಾಂಗಾ?" ಎಂದಳು ಜಾನಕಮ್ಮ. ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದೆ.

ಮೇಲೆ ಇನ್ನೂ ನೀರು ನಿಂತಿತ್ತು. ಕೆಳಗೆ ಹಲಗೆಗಳು ಇಳಿದವು. ಮೋಹನ್‌ಬಾಬು ಟಾರ್ಚು ಹಿಡಿದು, ಕತ್ತು ಮೇಲೆತ್ತಿ, ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ನಡೆದ. ಏಣಿ ತರಿಸಿ ಹತ್ತಿ, ಅಂಗೈಯಿಂದ ಉಜ್ಜಿ ನೋಡಿದ. ಹದಿನಾಲ್ಕು ಜನವೂ ಬಾಗಿಲಲ್ಲಿ ಕತ್ತು ಚಾಚಿ ನಿಂತಿದ್ದರು. ಅವನು ಒಣ ಅಂಗೈಯನ್ನೇ ನೋಡಿಕೊಂಡು ಕೆಳಗಿಳಿದ.

"ಚುಕ್ಕ ಕೂಡಾ ಲೇದು," ಎಂದ. ಒಂದು ಹನಿಯೂ ಇಲ್ಲ.

ಆಮೇಲೆ ಗಂಟಲು ಸರಿಮಾಡಿಕೊಂಡು ವ್ಯವಹಾರಕ್ಕೆ ಬಂದ. "ಚಿಂತಾಮಣೀಲಿ ನಂದು ಎರಡು ಕಟ್ಟಡ ಇದೆ. ಎರಡಕ್ಕೂ ಒಂದೇ ದಿನ ಮೋಲ್ಡ್. ಒಂದು ನೀವು ಹಾಕಿ ಅಕ್ಕಯಮ್ಮ. ಇನ್ನೊಂದಕ್ಕೆ ಪಂಪ್ ತರಿಸ್ತೀನಿ."

"ಪಂಪ್ ಯಾಕೆ ಬಾಬು? ಇನ್ನೊಂದು ಗ್ಯಾಂಗೂ ನಂದೇ ಇದೆ. ಕಳವಾರದಲ್ಲಿ ಕೆಲ್ಸಕ್ಕೆ ಬರೋರು ಎಷ್ಟು ಜನ ಬೇಕು ನಿಮ್ಗೆ?"

"ಜನ ಇರ್ಬೋದಮ್ಮಾ. ಮೇಸ್ತ್ರಿ ಯಾರು?"

"ಜ್ಯೋತಿಲಕ್ಷ್ಮಿ."

ಗ್ಯಾಂಗಿನಿಂದ ತೆಗೆಯಿರಿ ಎಂದು ಯಾರನ್ನು ಕುರಿತು ತಾನೇ ಹೇಳಿದ್ದನೋ ಆ ಹೆಂಗಸು. ಮೋಹನ್‌ಬಾಬು ಒಮ್ಮೆ ಅವಳನ್ನು ನೋಡಿದ, ಒಮ್ಮೆ ತಲೆಯ ಮೇಲಿನ ಒಣ ತಾರಸಿಯನ್ನು ನೋಡಿದ. "ಸರೇ," ಎಂದ. ಅವನ ಬಾಯಿಂದ ಬಂದ ಆ ಒಂದೇ ಮಾತನ್ನು ಕೇಳಲು ನಾನು ಇನ್ನೂ ಹತ್ತು ಬಸ್ಸು ಹತ್ತಿ ಬರುತ್ತಿದ್ದೆ.

ಅದೇ ಸಂಜೆ ಬೆಂಗಳೂರಿನ ವ್ಯಾಪಾರಿಗೆ ಫೋನ್ ಮಾಡಿ ಅಂಥದೇ ಇನ್ನೊಂದು ಕಿತ್ತಳೆ ರೇಡಿಯೊ ತರಿಸಿದೆ. ಅವನಿಗೆ ನಂಬಿಕೆಯೇ ಬರಲಿಲ್ಲ. ಆರು ವರ್ಷದಿಂದ ಅದನ್ನು ಯಾರೂ ಕೇಳಿರಲಿಲ್ಲವಂತೆ. ನಾಲ್ಕನೆಯ ದಿನ ಅಕ್ಕಯಮ್ಮ, ಜ್ಯೋತಿಲಕ್ಷ್ಮಿ ಇಬ್ಬರೂ ಅಂಗಡಿಗೆ ಬಂದರು. ನಾನು ಈ ಸಲ ಬುದ್ಧಿವಂತನಾಗಿದ್ದೆ. ಅವರು ಕೇಳುವ ಮುಂಚೆಯೇ ರೇಡಿಯೊವನ್ನು ಹೊಸ ಡಬ್ಬದಿಂದ ತೆಗೆದು, ಸೊಂಟದವರೆಗೆ ಎತ್ತಿ, ಕಣ್ಣು ಮುಚ್ಚಿ ಕೈಬಿಟ್ಟೆ. ಕಾಲನ್ನು ಮಾತ್ರ ಹಿಂದಕ್ಕೆ ಎಳೆದುಕೊಂಡಿದ್ದೆ.

ಅಕ್ಕಯಮ್ಮ ನಕ್ಕು ನಕ್ಕು ಕೆಮ್ಮಿದರು. "ನಂಗಲ್ಲ ಮೂರ್ತಣ್ಣ, ಅವಳಿಗೆ ಕೊಡಿ. ಅವಳ್ ಗ್ಯಾಂಗು, ಅವಳೇ ಆರಿಸ್ಲಿ. ನಾನ್ ಬಾಯಿ ಹಾಕಲ್ಲ."

ಜ್ಯೋತಿಲಕ್ಷ್ಮಿ ಅದನ್ನು ನನ್ನ ಕೈಯಿಂದ ತಗೊಂಡಳು. ಕುಟ್ಟಿದಳು. ಗೀರಿದಳು. ನಾನು ಬೀಳಿಸಿದ್ದನ್ನು ಲೆಕ್ಕಕ್ಕೆ ಇಟ್ಟುಕೊಳ್ಳದೆ ತಾನೇ ಇನ್ನೊಮ್ಮೆ ಬೀಳಿಸಿದಳು. ಬಕೆಟ್ಟಿನಲ್ಲಿ ಮುಳುಗಿಸಿದಳು, ಮೂವರೂ ಟೀ ಕುಡಿದೆವು. ಒರೆಸಿ ಸೆಲ್ ಹಾಕಿದೆ. ಹಾಡಿಸಬೇಕು ಎನ್ನುವಾಗ ನನ್ನ ಕೈ, ಈ ದರಿದ್ರ ಕೈ, ತನ್ನಷ್ಟಕ್ಕೆ ತಾನೇ ಗೋಡೆಯ ತಂತಿಯ ಕಡೆಗೆ ಹೋಯಿತು.

"ಬೇಡ ಮೂರ್ತಣ್ಣ," ಎಂದಳು ಜ್ಯೋತಿಲಕ್ಷ್ಮಿ.

ಅಂಗಡಿಗೆ ಮೊದಲ ಸಲ ಬಂದ ದಿನ ತಲೆ ಎತ್ತದೆ ನಿಂತಿದ್ದವಳು, ಈಗ ರೇಡಿಯೊ ಹಿಡಿದುಕೊಂಡು ಮೆಟ್ಟಿಲಿಳಿದಳು. ನನ್ನ ತಂತಿಯಿಂದ ದೂರ, ಎದುರಿನ ತಗಡಿನ ಗೋದಾಮಿನ ಗೋಡೆಗೆ ಬೆನ್ನು ತಾಗಿಸಿ ನಿಂತಳು. ಪಕ್ಕದಲ್ಲಿ ಆಟೊ ಒಂದು ಗುರುಗುಡುತ್ತಿತ್ತು. ಅಲ್ಲಿ ನಿಂತು ಗುಂಡಿ ತಿರುಗಿಸಿದಳು. ಇಟ್ಟಿಗೆಗೆ ಇಲ್ಲದ, ಅಕ್ಕಯಮ್ಮನಿಗೂ ನನಗೂ ಹೊಳೆಯದೆ ಹೋದ ಐದನೆಯ ಪರೀಕ್ಷೆ.

ಸೊಂಯ್ ಎಂದಿತು. ಅವಳು ಅವಸರ ಮಾಡಲಿಲ್ಲ. ಕಡ್ಡಿಯನ್ನು ಪೂರ್ತಿ ಎಳೆದಳು, ಎರಡು ಹೆಜ್ಜೆ ಎಡಕ್ಕೆ ಸರಿದಳು. ಹಾಡು ಬಂತು. ಸಂದಿಯ ಎರಡೂ ತುದಿಗೆ ಕೇಳುವಂತೆ.

ನನ್ನ ಪಕ್ಕ ನಿಂತಿದ್ದ ಅಕ್ಕಯಮ್ಮ ಅವಳನ್ನೇ ನೋಡುತ್ತಿದ್ದರು. ತಾವೇ ಸುರಿದ ತಾರಸಿಯ ಕೆಳಗೆ ನಿಂತು ಮೇಲೆ ನೋಡುವಾಗಲೂ ಆ ಮುಖ ಇಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ.

"ಜ್ಯೋತಮ್ಮಾ, ಹೆಂಗಿದೆ?" ಎಂದು ಕೂಗಿದರು.

"ಬೆಂದಿದೆ ಅಕ್ಕಾ," ಎಂದಳು ಹೊಸ ಮೇಸ್ತ್ರಿ. "ಆದ್ರೂ ಒಂದು ಸುತ್ತು ತಂತಿ ತಗೊಂಡೇ ಹೋಗಣ."

ತಂತಿಯನ್ನು ನಾನೇ ಅಳೆದು ಸುತ್ತಿ ಕೊಟ್ಟೆ. ಚಿಂತಾಮಣಿಯ ಮೋಲ್ಡ್ ಭಾನುವಾರ, ಬೆಳಿಗ್ಗೆ ಆರೂವರೆಗೆ. ನಾನು ಯಾವ ಕಟ್ಟಡದ ಕೆಳಗೆ ನಿಲ್ಲಬೇಕೆಂದು ಕೇಳಿದ್ದಕ್ಕೆ, ಎರಡರ ನಡುವೆ ನಿಲ್ಲಿ ಎಂದರು ಇಬ್ಬರೂ.